ಮನೆ ತಪಾಸಣೆಯ ವರದಿ ಬಂದ ಮೇಲೆ ಏನು ಮಾಡಬೇಕು? ಕೊಳ್ಳುವವರಿಗೆ ಹಂತ ಹಂತದ ಮಾರ್ಗದರ್ಶಿ

ಮನೆ ಕೊಳ್ಳುವ ಮುನ್ನ ಕಟ್ಟಡ ತಪಾಸಣೆ ಮಾಡಿಸಿದವರು ವರದಿ ಕೈಗೆ ಬಂದ ಕೂಡಲೇ ದೋಷಗಳನ್ನು ಎಣಿಸತೊಡಗುತ್ತಾರೆ. ನಲವತ್ತು ಕಂಡರೆ ಎದೆ ಧಸಕ್ಕೆನ್ನುತ್ತದೆ, ಎಂಟೇ ಇದ್ದರೆ ನಿರಾಳವಾಗುತ್ತದೆ. ಆ ಎಣಿಕೆಯಿಂದ ತಿಳಿಯುವುದು ಬಹಳ ಕಡಿಮೆ. ಸಡಿಲವಾದ ಹಿಡಿಕೆ, ಸೀಳಿದ ಟೈಲ್ಸು, ಬಣ್ಣ ಎದ್ದ ಕಿಟಕಿ ಎಂದು ನಲವತ್ತು ಸಣ್ಣಪುಟ್ಟ ದೋಷಗಳಿರುವ ಮನೆ ಗಟ್ಟಿಮುಟ್ಟಾಗಿಯೇ ಇರಬಹುದು. ಎಂಟೇ ದೋಷಗಳ ವರದಿಯ ಕೊನೆಯಲ್ಲಿ ‘ಮಾಡಿನ ಒಳಭಾಗಕ್ಕೆ ಹೋಗಲು ದಾರಿ ಇರಲಿಲ್ಲ’ ಎಂಬ ಒಂದು ಸಾಲಿದ್ದರೆ ಆ ಮನೆಯ ದೊಡ್ಡ ಖರ್ಚು ಅಲ್ಲೇ ಅಡಗಿರಬಹುದು.

ತಪಾಸಕರು ಕಣ್ಣಿಗೆ ಕಂಡದ್ದನ್ನು ಬರೆದುಕೊಡುತ್ತಾರೆ. ಅವರು ಗೋಡೆ ಒಡೆಯುವುದಿಲ್ಲ, ನೆಲಹಾಸು ಕೀಳುವುದಿಲ್ಲ, ಬೀರು ಸರಿಸುವುದಿಲ್ಲ. ಕಂಡ ದೋಷಕ್ಕೆ ಕಾರಣವೇನು, ಅದು ಎಲ್ಲಿಯವರೆಗೆ ಹಬ್ಬಿದೆ, ಸರಿಪಡಿಸಲು ಎಷ್ಟಾಗುತ್ತದೆ, ಕಾಣದ ಜಾಗದಲ್ಲಿ ಏನಿದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುವ ಹೊಣೆ ಕೊಳ್ಳುವವರದು. ಅದಕ್ಕೆ ಸಿಗುವ ಸಮಯ ಸಾಮಾನ್ಯವಾಗಿ ಕೆಲವೇ ದಿನ.

1. ಮೊದಲು ಕರಾರಿನ ಗಡುವು ನೋಡಿ

ವರದಿ ಓದುವ ಮೊದಲೇ ಖರೀದಿ ಕರಾರು ತೆಗೆಯಿರಿ. ಅದರಲ್ಲಿ ತಪಾಸಣೆಯ ಷರತ್ತು ಇದ್ದರೆ ಆಕ್ಷೇಪ ತಿಳಿಸಲು ಕೊನೆಯ ದಿನ ಯಾವುದು, ಯಾವ ರೂಪದಲ್ಲಿ ತಿಳಿಸಬೇಕು, ಸುಮ್ಮನಿದ್ದರೆ ಏನಾಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಮೂರನೆಯದನ್ನು ಹೆಚ್ಚಿನವರು ಓದುವುದೇ ಇಲ್ಲ. ಎಷ್ಟೋ ಕರಾರುಗಳಲ್ಲಿ ಗಡುವಿನೊಳಗೆ ಲಿಖಿತ ಆಕ್ಷೇಪ ತಲುಪದಿದ್ದರೆ ಕಟ್ಟಡವನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿದಂತಾಗುತ್ತದೆ. ಫೋನಿನಲ್ಲಿ ಆಡಿದ ಮಾತು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದಿನ ಎಣಿಸುವಾಗ ರಜಾದಿನಗಳೂ ಸೇರುತ್ತವೆಯೇ ಎಂದು ವಕೀಲರನ್ನು ಕೇಳಿಕೊಳ್ಳಿ.

ಹೆಚ್ಚಿನ ಪರೀಕ್ಷೆ ಬೇಕು ಎಂದು ಗೊತ್ತಾದ ದಿನವೇ ಗಡುವು ವಿಸ್ತರಿಸಲು ಕೇಳಿ, ಎರಡೂ ಕಡೆಯವರ ಸಹಿ ಹಾಕಿಸಿ ಬರಹದಲ್ಲಿ ಪಡೆಯಿರಿ. ಕೊನೆಯ ದಿನದವರೆಗೆ ಕಾದರೆ ಮಾರುವವರಿಗೆ ಒಪ್ಪುವ ಅಗತ್ಯವೇ ಇರುವುದಿಲ್ಲ. ಕರಾರಿನಲ್ಲಿ ತಪಾಸಣೆಯ ಷರತ್ತೇ ಇಲ್ಲದಿದ್ದರೆ ವರದಿಯನ್ನು ಚೌಕಾಸಿಗೆ ಬಳಸಬಹುದು, ಆದರೆ ಹಿಂದೆ ಸರಿದರೆ ಮುಂಗಡ ಹಣ ಕಳೆದುಕೊಳ್ಳುವ ಅಪಾಯವಿದೆ. ಅಂಥ ಸ್ಥಿತಿಯಲ್ಲಿ ವಕೀಲರ ಜೊತೆ ಮಾತಾಡದೆ ಒಂದು ಪತ್ರವನ್ನೂ ಕಳಿಸಬೇಡಿ.

2. ನೋಡಲಾಗದ ಜಾಗಗಳನ್ನು ಪಟ್ಟಿ ಮಾಡಿ

ವರದಿಯಲ್ಲಿ ‘ಮಿತಿಗಳು’ ಎಂಬ ಭಾಗವಿರುತ್ತದೆ. ಓದುವುದನ್ನು ಅಲ್ಲಿಂದ ಶುರುಮಾಡಿ. ಬೀಗ ಹಾಕಿದ ಕೋಣೆ, ಸಾಮಾನು ತುಂಬಿದ ಗ್ಯಾರೇಜು, ಫಾಲ್ಸ್ ಸೀಲಿಂಗಿನ ಮೇಲ್ಭಾಗ, ಮರದ ನೆಲದ ಅಡಿ, ಗೋಡೆಗೆ ಅಂಟಿಸಿದ ಕಪಾಟಿನ ಹಿಂಬದಿ, ಏಣಿ ಮುಟ್ಟದ ಮಾಡು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಫಾಲ್ಸ್ ಸೀಲಿಂಗಿನ ಮೇಲೆ ಬಚ್ಚಲಿನ ಸೋರಿಕೆಯೂ ತುಕ್ಕು ಹಿಡಿದ ಸ್ಲ್ಯಾಬಿನ ಕಂಬಿಯೂ ಅಡಗಿರಬಹುದು. ಮರದ ನೆಲದಡಿ ಗೆದ್ದಲು, ಕೊಳೆತ ತೊಲೆ, ನಿಂತ ನೀರು ಇರಬಹುದು.

ಇವುಗಳಲ್ಲಿ ಹೆಚ್ಚಿನವನ್ನು ತೆರೆದು ನೋಡಬಹುದು. ಸಾಮಾನು ಸರಿಸಲು ಮಾರುವವರನ್ನು ಬರಹದಲ್ಲಿ ಕೇಳಿ. ಮುಚ್ಚಿದ ಸೀಲಿಂಗಿನಲ್ಲಿ ಒಂದು ದೀಪ ಬಿಚ್ಚಿದರೂ ಒಳಗೆ ಕ್ಯಾಮೆರಾ ತೂರಿಸಲು ಜಾಗ ಸಿಗುತ್ತದೆ. 10 ಮಿ.ಮೀ. ರಂಧ್ರ ಸಾಕಾಗುವ ಸಣ್ಣ ಕೊಳವೆ ಕ್ಯಾಮೆರಾಗಳಿವೆ. ರಂಧ್ರ ಕೊರೆಯಲು ಮಾಲೀಕರ ಲಿಖಿತ ಒಪ್ಪಿಗೆ ಬೇಕು, ಅದನ್ನು ಮುಚ್ಚಿಸಿಕೊಡುವ ಖರ್ಚು ನಿಮ್ಮದು. ಒಪ್ಪಿಗೆ ಸಿಗದಿದ್ದರೆ ಆ ಜಾಗ ಕೆಟ್ಟಿದೆ ಎಂದೇ ಲೆಕ್ಕಹಾಕಿ ಬೆಲೆ ಮಾತಾಡಿ.

ತಪಾಸಣೆ ನಡೆದ ದಿನದ ಹವಾಮಾನವೂ ಒಂದು ಮಿತಿ. ತಿಂಗಳುಗಟ್ಟಲೆ ಮಳೆಯಿಲ್ಲದಿದ್ದಾಗ ನೋಡಿದ ಮಾಡು ಸೋರುವುದಿಲ್ಲ ಎಂದು ಹೇಳಲಾಗದು. ಬಹಳ ಕಾಲ ಖಾಲಿ ಬಿದ್ದ ಮನೆಯಲ್ಲಿ ಬಚ್ಚಲು ಬಳಸಿಯೇ ಇಲ್ಲದ್ದರಿಂದ ಅದರ ಸೋರಿಕೆ ಕೆಳಗೆ ಕಾಣುವುದಿಲ್ಲ. ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದೇ ಗೋಡೆಗೆ ಹೊಸ ಬಣ್ಣ ಬಿದ್ದಿದ್ದರೆ ಆ ಗೋಡೆಯನ್ನು ಎರಡನೇ ಸಲ ನೋಡಿಸಿ.

3. ತಪಾಸಕರೊಡನೆ ಮಾತಾಡಿ

ವರದಿಯ ಭಾಷೆ ಕಾನೂನಿಗೆ ಹೆದರಿ ಬರೆದದ್ದು. ಸಣ್ಣ ದೋಷಕ್ಕೂ ದೊಡ್ಡ ದೋಷಕ್ಕೂ ‘ಮುಂದಿನ ತನಿಖೆ ಅಗತ್ಯ’ ಎಂಬ ಒಂದೇ ಮಾತು ಇರುತ್ತದೆ. ಫೋನಿನಲ್ಲಿ ಅರ್ಧ ಗಂಟೆ ಕೇಳಿ. ಇದರಲ್ಲಿ ನಿಮಗೆ ಹೆಚ್ಚು ಆತಂಕ ತಂದ ಅಂಶ ಯಾವುದು? ಈ ದೋಷ ಹಳೆಯದೇ, ಇನ್ನೂ ಬೆಳೆಯುತ್ತಿದೆಯೇ? ಇದನ್ನು ಯಾರು ನೋಡಬೇಕು, ಇಂಜಿನಿಯರೋ ಪ್ಲಂಬರೋ? ತೇವದ ಮೀಟರ್ ಎಲ್ಲೆಲ್ಲಿ ಎಷ್ಟು ತೋರಿಸಿತು? ತೆಗೆದ ಎಲ್ಲ ಚಿತ್ರಗಳನ್ನೂ ಪೂರ್ಣ ಗಾತ್ರದಲ್ಲಿ ಕೇಳಿ ಪಡೆಯಿರಿ. ಮನೆ ಕೊಳ್ಳಬೇಕೋ ಬೇಡವೋ ಎಂದು ಮಾತ್ರ ಕೇಳಬೇಡಿ. ನಿಮ್ಮ ಸಾಲ, ಉಳಿತಾಯ, ತಾಳ್ಮೆ ಅವರಿಗೆ ಗೊತ್ತಿರುವುದಿಲ್ಲ.

4. ದೋಷಗಳನ್ನು ವಿಂಗಡಿಸಿ

ಎಲ್ಲವನ್ನೂ ನಾಲ್ಕು ಗುಂಪು ಮಾಡಿ. ಪ್ರಾಣಕ್ಕೆ ಅಪಾಯವಿರುವುದು ಮೊದಲ ಗುಂಪು: ಗ್ಯಾಸ್ ಸೋರಿಕೆ, ಬಯಲಾದ ವಿದ್ಯುತ್ ತಂತಿ, ಅಲ್ಲಾಡುವ ಮೆಟ್ಟಿಲಿನ ಕಂಬಿ, ಒಡೆದ ಕಲ್ನಾರಿನ (ಆಸ್ಬೆಸ್ಟಾಸ್) ಹಾಳೆ. ಕಲ್ನಾರು ಎಂಬ ಅನುಮಾನವಿದ್ದರೆ ಅದನ್ನು ಕೊರೆಯಬಾರದು, ಉಜ್ಜಬಾರದು. ತರಬೇತಾದವರು ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕು. ಪಾಯ, ಗೋಡೆ, ಪಿಲ್ಲರ್, ಬೀಮ್, ಮಾಡಿನ ಚೌಕಟ್ಟು ಎರಡನೇ ಗುಂಪು. ನೀರು ಎಲ್ಲಿಂದಲಾದರೂ ಒಳಬರುವುದು ಮೂರನೆಯದು. ಉಳಿದದ್ದೆಲ್ಲ ನಿರ್ವಹಣೆ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ.

5. ಕಾರಣ ಪತ್ತೆಮಾಡಿಸಿ

ಮನೆ ರಿಪೇರಿಯಲ್ಲಿ ದುಡ್ಡು ಪೋಲಾಗುವುದು ಹೆಚ್ಚಾಗಿ ಲಕ್ಷಣಕ್ಕೆ ಮದ್ದು ಹಚ್ಚಿದಾಗ. ಬಿರುಕಿಗೆ ಪುಟ್ಟಿ, ತೇವಕ್ಕೆ ಬಣ್ಣ, ತುಕ್ಕಿಗೆ ಗಿಲಾವು ಬಳಿದರೆ ಒಂದೆರಡು ಮಳೆಗಾಲಕ್ಕೆ ಎಲ್ಲವೂ ಮತ್ತೆ ಹೊರಬರುತ್ತದೆ. ಆದ್ದರಿಂದ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ.

*ಬಿರುಕು.* ಅಗಲ, ದಿಕ್ಕು, ಎರಡು ಅಂಚುಗಳ ಮಟ್ಟ, ಈ ಮೂರನ್ನೂ ನೋಡಬೇಕು. 1 ಮಿ.ಮೀ.ಗಿಂತ ಸಣ್ಣ ಬಿರುಕುಗಳು ಹೆಚ್ಚಾಗಿ ಗಿಲಾವು ಒಣಗಿ ಕುಗ್ಗಿದ್ದರಿಂದ ಬಂದವು. 5 ಮಿ.ಮೀ. ದಾಟಿದರೆ, ಅಥವಾ ಒಂದು ಅಂಚು ಮುಂದಕ್ಕೆ ಬಂದಿದ್ದರೆ, ಸ್ಟ್ರಕ್ಚರಲ್ ಇಂಜಿನಿಯರ್ ನೋಡಲೇಬೇಕು. ಇಟ್ಟಿಗೆ ಸಾಲುಗಳ ನಡುವೆ ಮೆಟ್ಟಿಲಿನಂತೆ ಏರುವ ಬಿರುಕು ಪಾಯದ ಒಂದು ಭಾಗ ಮಾತ್ರ ಕುಸಿದಿದೆ ಎಂಬುದರ ಗುರುತು. ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಸಾಮಾನ್ಯವಾಗಿ ಕಟ್ಟಡದ ತುದಿ ಕುಸಿಯುತ್ತಿದೆ, ಕೆಳಗೆ ಅಗಲವಾಗಿದ್ದರೆ ನಡುಭಾಗ. ನೆಲಮಟ್ಟಕ್ಕಿಂತ ಕೆಳಗಿರುವ ಗೋಡೆಯಲ್ಲಿ ಅಡ್ಡ ಬಿರುಕೂ ಉಬ್ಬೂ ಕಂಡರೆ ಹೊರಗಿನ ಮಣ್ಣು ಮತ್ತು ನೀರು ಗೋಡೆಯನ್ನು ಒಳಕ್ಕೆ ತಳ್ಳುತ್ತಿವೆ. ಅದು ಸಣ್ಣದಾಗಿದ್ದರೂ ಗಂಭೀರ. ಕಾಂಕ್ರೀಟ್ ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಕೂಡುವಲ್ಲಿ ಬರುವ ನೇರ ಗೆರೆ ಹಾಗಲ್ಲ. ಎರಡು ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಅದು ಬರುತ್ತದೆ, ಜಾಲರಿ ಕೂರಿಸಿ ಗಿಲಾವು ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಬಿರುಕು ಬೆಳೆಯುತ್ತಿದೆಯೇ ಎಂದು ಅಳೆದು ತಿಳಿಯಲು ಹಲವು ತಿಂಗಳು ಬೇಕು. ಅಷ್ಟು ಸಮಯ ಕೊಳ್ಳುವವರಿಗಿಲ್ಲ. ಹಾಗಾಗಿ ಇಂಜಿನಿಯರ್ ಸುತ್ತಲಿನ ಸುಳಿವು ಓದುತ್ತಾರೆ. ಬಿರುಕಿನೊಳಗೆ ಹಳೆಯ ಬಣ್ಣ, ಕೊಳೆ ತುಂಬಿದ್ದರೆ ಅದು ಹಳೆಯದು. ಅಂಚು ಚೂಪಾಗಿ, ಒಳಗೆ ಶುಭ್ರವಾಗಿದ್ದರೆ ಹೊಸದು. ಹಿಂದೆ ತುಂಬಿದ ಜಾಗ ಮತ್ತೆ ಸೀಳಿದ್ದರೆ, ಪಕ್ಕದ ಬಾಗಿಲು ಚೌಕಟ್ಟಿಗೆ ಹಿಡಿಯುತ್ತಿದ್ದರೆ ಚಲನೆ ನಿಂತಿಲ್ಲ. ಪಾಯದ ಕುಸಿತಕ್ಕೆ ಕಾರಣ ಅನೇಕ ಸಲ ನೀರೇ: ಒಡೆದ ಚರಂಡಿ ಕೊಳವೆ, ಪಾಯದ ಬುಡಕ್ಕೇ ಬೀಳುವ ಮಾಡಿನ ನೀರು, ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುವ ಜೇಡಿಮಣ್ಣು. ಮನೆಯ ಸುತ್ತಲ ನೆಲ ಮೊದಲ 3 ಮೀಟರಿನಲ್ಲಿ 15 ಸೆಂ.ಮೀ.ಯಷ್ಟಾದರೂ ಹೊರಕ್ಕೆ ಇಳಿಜಾರಾಗಿರಬೇಕು. ನೀರಿನ ದಾರಿ ಸರಿಪಡಿಸಿದರೆ ಸಾಕು ಎಂದು ಇಂಜಿನಿಯರ್ ಹೇಳುವ ಪ್ರಕರಣಗಳು ಕಡಿಮೆಯೇನಲ್ಲ. ಬಿರುಕು ಕಂಡ ಕೂಡಲೇ ಪಾಯ ಬಲಪಡಿಸಲು ಹೊರಡುವುದು ಬೇಡ.

*ಕಾಂಕ್ರೀಟ್.* ಬೀಮಿನ ಉದ್ದಕ್ಕೆ ಕಂಬಿಯ ಸಾಲಿನಲ್ಲೇ ಓಡುವ ಬಿರುಕು, ಕಂದು ಕಲೆ, ಚಕ್ಕೆ ಎದ್ದ ಸ್ಲ್ಯಾಬು ಇದ್ದರೆ ಒಳಗಿನ ಕಂಬಿ ತುಕ್ಕು ಹಿಡಿದಿದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸುವುದು ಸುಲಭದ ಪರೀಕ್ಷೆ. ಗುಲಾಬಿ ಬಣ್ಣ ಬಂದರೆ ಅಲ್ಲಿ ಕ್ಷಾರಗುಣ ಉಳಿದಿದೆ. ಬಣ್ಣ ಬಾರದ ಪದರ ಕಂಬಿಯವರೆಗೆ ತಲುಪಿದ್ದರೆ ಕಂಬಿಗಿದ್ದ ರಕ್ಷಣೆ ಹೋಗಿದೆ. ಉಪ್ಪಿನಂಶದಿಂದ ಬಂದ ತುಕ್ಕನ್ನು ಈ ಪರೀಕ್ಷೆ ತೋರಿಸುವುದಿಲ್ಲ, ಅದಕ್ಕೆ ಕಾಂಕ್ರೀಟಿನ ಪುಡಿಯನ್ನು ಪ್ರಯೋಗಾಲಯಕ್ಕೆ ಕೊಡಬೇಕು. ಕಾಂಕ್ರೀಟಿಗೆ ಬಡಿದು ಪುಟಿತವನ್ನು ಅಳೆಯುವ ರಿಬೌಂಡ್ ಹ್ಯಾಮರ್ ಒಂದರಿಂದಲೇ ‘ಕಾಂಕ್ರೀಟ್ ಚೆನ್ನಾಗಿದೆ’ ಎಂದರೆ ಒಪ್ಪಬೇಡಿ, ಅದು ಅಳೆಯುವುದು ಮೇಲ್ಮೈಯ ಗಡಸುತನವನ್ನು. ರಿಪೇರಿಯಲ್ಲಿ ಕಂಬಿಯ ಹಿಂಬದಿಯವರೆಗೂ ಕಾಂಕ್ರೀಟ್ ಕೆತ್ತಿ, ತುಕ್ಕು ತೆಗೆದು, ರಕ್ಷಕ ಲೇಪ ಹಚ್ಚಿ, ರಿಪೇರಿ ಗಾರೆ ತುಂಬಬೇಕು. ಬರೀ ಸಿಮೆಂಟ್ ಬಳಿದದ್ದು ಉದುರುತ್ತದೆ.

*ತೇವ.* ಎಲ್ಲಿದೆ, ಯಾವಾಗ ಹೆಚ್ಚುತ್ತದೆ ಎಂಬುದೇ ಅದರ ಮೂಲ ಹೇಳುತ್ತದೆ. ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಏರಿ, ಮೇಲೆ ಬಿಳಿ ಉಪ್ಪಿನ ಗೆರೆ ಬಿಟ್ಟಿದ್ದರೆ ಮಣ್ಣಿನಿಂದ ಹೀರಿದ ನೀರು. ಮಳೆ ಬಂದಾಗ ಮಾತ್ರ ಕಿಟಕಿಯ ಮೂಲೆ, ಸೀಲಿಂಗು ಒದ್ದೆಯಾದರೆ ಹೊರಗಿನ ನೀರು. ಮಳೆಗೂ ಬಿಸಿಲಿಗೂ ಒಂದೇ ಸಮ ಇದ್ದರೆ ಕೊಳವೆಯ ಸೋರಿಕೆ. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಕಪ್ಪು ಬೂಷ್ಟು ಕಂಡರೆ ಹೆಚ್ಚಾಗಿ ಒಳಗಿನ ಆವಿ ತಣ್ಣನೆ ಗೋಡೆಯ ಮೇಲೆ ಹನಿಗಟ್ಟಿದ್ದು, ಅದಕ್ಕೆ ಗಾಳಿ ಬೇಕೇ ಹೊರತು ರಾಸಾಯನಿಕವಲ್ಲ. ಸೂಜಿ ಮೀಟರಿನ ಶೇಕಡಾವಾರು ಮರಕ್ಕೆ ಹೊಂದಿಸಿದ್ದು. ಗೋಡೆಯ ಮೇಲೆ ಅದನ್ನು ಒಣ ಜಾಗ, ಒದ್ದೆ ಜಾಗ ಹೋಲಿಸಲು ಮಾತ್ರ ಬಳಸಬಹುದು, ಉಪ್ಪು ಇದ್ದರೆ ಒಣ ಗೋಡೆಯೂ ಒದ್ದೆ ಎಂದು ತೋರುತ್ತದೆ. ಥರ್ಮಲ್ ಕ್ಯಾಮೆರಾ ತೋರಿಸುವುದು ಉಷ್ಣತೆಯ ವ್ಯತ್ಯಾಸ, ನೀರನ್ನಲ್ಲ.

ಬಚ್ಚಲಿನ ಅಡಿ ಸೋರುತ್ತಿದೆ ಎಂಬ ಅನುಮಾನವಿದ್ದರೆ ಎರಡು ಪರೀಕ್ಷೆಗಳನ್ನು ಬೇರೆ ಬೇರೆ ದಿನ ಮಾಡಿಸಿ. ಮೊದಲ ದಿನ ನೆಲ ನೆನೆಯದಂತೆ ನೇರವಾಗಿ ಚರಂಡಿ ಬಾಯಿಗೆ ನೀರು ಬಿಡಿ. ಕೆಳಗೆ ತೊಟ್ಟಿಕ್ಕಿದರೆ ಕೊಳವೆ ಕೆಟ್ಟಿದೆ. ಮರುದಿನ ಬಾಯಿ ಮುಚ್ಚಿ 25 ಮಿ.ಮೀ. ನೀರು ನಿಲ್ಲಿಸಿ, ಮಟ್ಟ ಗುರುತು ಹಾಕಿ, 24 ಗಂಟೆ ಬಿಡಿ. ಆಗ ಸೋರಿದರೆ ವಾಟರ್‌ಪ್ರೂಫಿಂಗ್ ಕೆಟ್ಟಿದೆ. ಕೊಳವೆಯ ರಿಪೇರಿ ಒಂದೆರಡು ದಿನದ ಕೆಲಸ, ವಾಟರ್‌ಪ್ರೂಫಿಂಗ್ ಸರಿಪಡಿಸಲು ಟೈಲ್ಸ್ ಎಲ್ಲ ಕೀಳಬೇಕು. ಪರೀಕ್ಷೆಗೆ ಮಾಲೀಕರ ಒಪ್ಪಿಗೆಯ ಜೊತೆಗೆ ಕೆಳಮನೆಯವರಿಗೂ ಮುಂಚಿತವಾಗಿ ಹೇಳಿರಿ.

*ಮರ ಮತ್ತು ಗೆದ್ದಲು.* ಮರದ ತೇವ 20 ಶೇಕಡಾ ಮೀರಿದರೆ ಕೊಳೆಯುವ ಅಪಾಯವಿದೆ. ಗೆದ್ದಲಿನ ಮಣ್ಣಿನ ಸುರಂಗ ಕಂಡರೆ ಔಷಧಿ ಹೊಡೆಯಬೇಡಿ, ಕೆದಕಬೇಡಿ. ಅವು ಬೇರೆಡೆಗೆ ಸರಿದರೆ ತಜ್ಞರಿಗೆ ಗೂಡು ಹುಡುಕುವುದು ಕಷ್ಟ. ಜೀವಂತ ಗೆದ್ದಲಿದೆಯೇ, ಮರ ಎಷ್ಟು ಟೊಳ್ಳಾಗಿದೆ, ಮಣ್ಣಿಗೆ ತಾಗಿರುವ ಮರ ಎಲ್ಲಿದೆ ಎಂದು ಬರಹದಲ್ಲಿ ಪಡೆಯಿರಿ. ಭಾರ ಹೊತ್ತ ತೊಲೆ ಟೊಳ್ಳಾಗಿದ್ದರೆ ಇಂಜಿನಿಯರೂ ಬೇಕು.

*ವೈರಿಂಗ್.* ಎಲೆಕ್ಟ್ರಿಷಿಯನ್‌ಗೆ ಅರ್ಥಿಂಗ್, ಇನ್ಸುಲೇಷನ್ ರೋಧ (ತಂತಿಯ ಹೊದಿಕೆ ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ), ಸೋರಿಕೆ ವಿದ್ಯುತ್ ತಡೆಯುವ 30 ಮಿಲಿಆಂಪಿಯರ್ ಸ್ವಿಚ್ಚು, ಈ ಮೂರನ್ನೂ ಉಪಕರಣದಿಂದ ಅಳೆದು ಅಂಕಿ ಬರೆದುಕೊಡಲು ಹೇಳಿ. 500 ವೋಲ್ಟ್ ಡಿ.ಸಿ.ಯಲ್ಲಿ ಇನ್ಸುಲೇಷನ್ ರೋಧ 1 ಮೆಗಾಓಮ್‌ಗಿಂತ ಕೆಳಗಿದ್ದರೆ ದೋಷವಿದೆ. ಸ್ವಿಚ್ಚಿನ ಟೆಸ್ಟ್ ಗುಂಡಿ ಒತ್ತಿದರೆ ಯಂತ್ರ ಚಲಿಸುತ್ತದೆಯೇ ಎಂದು ಗೊತ್ತಾಗುತ್ತದೆ, ಅರ್ಥಿಂಗ್ ಇದೆಯೇ ಎಂದು ಗೊತ್ತಾಗುವುದಿಲ್ಲ. ರಬ್ಬರ್ ಅಥವಾ ಬಟ್ಟೆ ಹೊದಿಕೆಯ ಹಳೆಯ ವೈರಿದ್ದರೆ ಪೂರ್ತಿ ಬದಲಿಸುವ ಖರ್ಚು ಹಾಕಿ. ಗೋಡೆ ಕೊರೆದು ಮತ್ತೆ ಗಿಲಾವು, ಬಣ್ಣ ಮಾಡುವ ಖರ್ಚೂ ಅದರಲ್ಲಿ ಸೇರಬೇಕು.

*ನಳ ಮತ್ತು ಚರಂಡಿ.* ಎಲ್ಲ ನಲ್ಲಿ ಮುಚ್ಚಿ ಮೀಟರ್ ಅಂಕಿ ಬರೆದು ಒಂದು ಗಂಟೆಯ ನಂತರ ನೋಡಿ. ತಿರುಗಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟಾಗ ಕಮೋಡಿನಲ್ಲಿ ಬಣ್ಣ ಕಂಡರೆ ಆ ಸೋರಿಕೆ ಅಲ್ಲೇ. ದೊಡ್ಡ ಮರಗಳಿರುವ ಹಳೆಯ ಮನೆಯಾದರೆ ಚರಂಡಿ ಕೊಳವೆಯೊಳಗೆ ಕ್ಯಾಮೆರಾ ಬಿಡಿಸಿ, ದೂರದ ಅಂಕಿಯಿರುವ ವಿಡಿಯೊ ಪಡೆಯಿರಿ. ಬೇರು ನುಗ್ಗಿದ್ದು ಎಷ್ಟನೇ ಮೀಟರಿನಲ್ಲಿ ಎಂದು ಗೊತ್ತಾದರೆ ಅಗೆಯುವ ಖರ್ಚು ಸರಿಯಾಗಿ ಹೇಳಬಹುದು.

6. ಖರ್ಚಿನ ಲೆಕ್ಕ

ಏನು ಮಾಡಬೇಕು ಎಂಬುದನ್ನು ಇಂಜಿನಿಯರ್ ಅಥವಾ ರಿಪೇರಿಯಿಂದ ಲಾಭವಿಲ್ಲದವರು ಬರೆದುಕೊಡಲಿ. ಆ ಒಂದೇ ಹಾಳೆಯನ್ನು ಮೂವರು ಗುತ್ತಿಗೆದಾರರಿಗೆ ಕೊಟ್ಟು ಕೊಟೇಶನ್ ಕೇಳಿ. ಹಾಗೆ ಮಾಡದಿದ್ದರೆ ಒಬ್ಬರು ಬಣ್ಣಕ್ಕೆ, ಇನ್ನೊಬ್ಬರು ಗಿಲಾವಿಗೆ, ಮತ್ತೊಬ್ಬರು ಗೋಡೆ ಕಟ್ಟಲು ದರ ಹೇಳುತ್ತಾರೆ, ಹೋಲಿಸಲು ಬರುವುದಿಲ್ಲ. ತೇವದ ಕಾರಣ ಹೇಳುವವರೂ ತೇವಕ್ಕೆ ರಾಸಾಯನಿಕ ಮಾರುವವರೂ ಒಬ್ಬರೇ ಆಗಿದ್ದರೆ ಆ ಅಭಿಪ್ರಾಯವನ್ನು ಒಂದೇ ಸಾಕ್ಷಿಯಾಗಿ ಇಟ್ಟುಕೊಳ್ಳಬೇಡಿ. ಸಾರುವೆ, ಕಸ ಸಾಗಣೆ, ಅನುಮತಿ ಶುಲ್ಕ, ಕೆಲಸ ನಡೆಯುವಾಗ ಬೇರೆಡೆ ಇರುವ ಬಾಡಿಗೆ ಕೊಟೇಶನ್ನಿನಲ್ಲಿ ಇರುವುದಿಲ್ಲ, ನೀವೇ ಸೇರಿಸಿ. ಮೇಲೆ 15ರಿಂದ 20 ಶೇಕಡಾ ಮೀಸಲಿಡಿ. ಗೋಡೆ, ನೆಲ ತೆರೆಯುವ ಕೆಲಸವಾದರೆ ಇನ್ನೂ ಹೆಚ್ಚು.

ಇದೇ ಹೊತ್ತಿಗೆ ಸಾಲ ಕೊಡುವ ಸಂಸ್ಥೆಗೂ ವಿಮೆಯವರಿಗೂ ಕರೆ ಮಾಡಿ. ಕೆಲವು ದೋಷಗಳಿದ್ದರೆ ಸಾಲ ಬಿಡುಗಡೆಯಾಗದಿರಬಹುದು. ಮೊದಲೇ ಇದ್ದ ಹಾನಿಗೆ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

7. ಮಾರುವವರೊಡನೆ ಮಾತುಕತೆ

ಅಪಾಯ, ಕಟ್ಟಡದ ಬಲ, ನೀರು, ಈ ಮೂರು ಗುಂಪಿನ ಅಂಶಗಳನ್ನು ಮಾತ್ರ ಮುಂದಿಡಿ. ನಲವತ್ತನ್ನೂ ಕಳಿಸಿದರೆ ಸಡಿಲ ಹಿಡಿಕೆಯ ಚರ್ಚೆಯಲ್ಲಿ ಬೀಮಿನ ತುಕ್ಕು ಮರೆಯಾಗುತ್ತದೆ. ಪ್ರತಿ ಅಂಶಕ್ಕೂ ಚಿತ್ರ, ತಜ್ಞರ ಮಾತು, ಕೊಟೇಶನ್ ಲಗತ್ತಿಸಿ.

ಬೆಲೆ ಇಳಿಸುವುದು, ವ್ಯವಹಾರ ಮುಗಿಸುವಾಗ ರಿಪೇರಿ ಮೊತ್ತವನ್ನು ನಿಮಗೆ ಬಿಟ್ಟುಕೊಡುವುದು, ಮಾರುವವರೇ ರಿಪೇರಿ ಮಾಡಿಸುವುದು, ಕೆಲಸ ಮುಗಿಯುವವರೆಗೆ ಒಂದಷ್ಟು ಹಣವನ್ನು ಮಧ್ಯಸ್ಥರ ಬಳಿ ಇಡುವುದು, ಹೀಗೆ ನಾಲ್ಕು ದಾರಿಗಳಿವೆ. ಬೆಲೆ ಇಳಿದಾಗ ಸಂತೋಷವಾಗುತ್ತದೆ, ಆದರೆ ಮನೆಯ ಬಹುಪಾಲು ಹಣ ಸಾಲದ್ದಾದರೆ ಇಳಿದ ಮೊತ್ತ ಸಾಲದಲ್ಲಿ ಕಡಿಮೆಯಾಗುತ್ತದೆ, ರಿಪೇರಿಗೆ ಕೈಯಲ್ಲಿ ನಗದು ಬರುವುದಿಲ್ಲ. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಎರಡನೇ ದಾರಿಯೇ ಉತ್ತಮ, ಸಾಲದ ಸಂಸ್ಥೆ ಒಪ್ಪಿದರೆ.

ಮಾರುವವರೇ ರಿಪೇರಿ ಮಾಡಿಸುವುದನ್ನು ನಾವು ಸಲಹೆ ಮಾಡುವುದು ಅಪರೂಪ. ಬಿಟ್ಟುಹೋಗುವ ಮನೆಗೆ ಬೇಗ, ಅಗ್ಗದಲ್ಲಿ ಮುಗಿಯುವ ಕೆಲಸವನ್ನೇ ಯಾರಾದರೂ ಆರಿಸುತ್ತಾರೆ. ಸಾಲಕ್ಕಾಗಿ ಅದು ಅನಿವಾರ್ಯವಾದರೆ ‘ಸೋರಿಕೆ ಸರಿಪಡಿಸತಕ್ಕದ್ದು’ ಎಂದಷ್ಟೇ ಬರೆಸಬೇಡಿ. ಹೀಗೆ ಬರೆಸಿ: ‘ಮಹಡಿಯ ಬಚ್ಚಲಿನ ಟೈಲ್ಸ್ ತೆಗೆದು, ಪರವಾನಗಿ ಇರುವ ಗುತ್ತಿಗೆದಾರರಿಂದ ಹೊಸ ವಾಟರ್‌ಪ್ರೂಫಿಂಗ್ ಮಾಡಿಸಿ, ಟೈಲ್ಸ್ ಹಾಕುವ ಮುನ್ನ 24 ಗಂಟೆ ನೀರು ನಿಲ್ಲಿಸಿ ಕೊಳ್ಳುವವರ ತಪಾಸಕರಿಗೆ ತೋರಿಸತಕ್ಕದ್ದು, ರಸೀದಿ ಮತ್ತು ವಾರಂಟಿಯನ್ನು ಕೊಳ್ಳುವವರ ಹೆಸರಿಗೆ ವರ್ಗಾಯಿಸತಕ್ಕದ್ದು.’ ಮುಚ್ಚುವ ಮುನ್ನ ನೋಡುವ ಹಕ್ಕು ಇಲ್ಲದಿದ್ದರೆ ಉಳಿದ ಷರತ್ತುಗಳಿಗೆ ಬಲವಿಲ್ಲ.

8. ಹಿಂದೆ ಸರಿಯಬೇಕಾದಾಗ

ಕಟ್ಟಡದ ಚಲನೆಗೆ ಕಾರಣವನ್ನು ಇಂಜಿನಿಯರ್ ಹೇಳಲಾಗದಿದ್ದರೆ, ಮುಖ್ಯ ಜಾಗಗಳನ್ನು ನೋಡಲು ಬಿಡದಿದ್ದರೆ, ವಿಮೆಯೇ ಸಿಗದಿದ್ದರೆ, ಬೆಲೆ ಮತ್ತು ರಿಪೇರಿ ಸೇರಿ ಸುಸ್ಥಿತಿಯಲ್ಲಿರುವ ಅಂಥದೇ ಮನೆಯ ಬೆಲೆ ದಾಟಿದರೆ ಬಿಡುವುದು ಒಳ್ಳೆಯದು. ತಪಾಸಣೆಗೆ, ಇಂಜಿನಿಯರಿಗೆ ಆಗಲೇ ಖರ್ಚಾಯಿತಲ್ಲ ಎಂಬ ಸಂಕಟಕ್ಕೆ ಮನೆ ಕೊಳ್ಳಬೇಡಿ. ಸೂಚನೆಯನ್ನು ಕರಾರಿನಲ್ಲಿ ಹೇಳಿದ ರೂಪದಲ್ಲೇ, ಗಡುವಿನೊಳಗೆ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ.

9. ಹಣ ಪೂರ್ತಿ ಕೊಡುವ ಮುನ್ನ ಕೊನೆಯ ಭೇಟಿ

ಒಂದೆರಡು ದಿನ ಮುಂಚೆ, ಸಾಧ್ಯವಾದರೆ ಸಾಮಾನು ಖಾಲಿಯಾದ ಮೇಲೆ ಹೋಗಿ. ವರದಿಯ ಪ್ರತಿಯನ್ನು ಕೈಯಲ್ಲಿ ಹಿಡಿದು ಒಪ್ಪಿದ ರಿಪೇರಿಗಳನ್ನು ಒಂದೊಂದಾಗಿ ನೋಡಿ. ಬೀರು, ಜಮಖಾನೆ ಇದ್ದ ಜಾಗಗಳನ್ನು ಮೊದಲ ಸಲ ನೋಡುವ ಅವಕಾಶವೂ ಇದೇ. ಎಲ್ಲ ನಲ್ಲಿ ತೆರೆದು, ಎಲ್ಲ ಸ್ವಿಚ್ಚು ಹಾಕಿ ಪರೀಕ್ಷಿಸಿ. ಕೆಲಸ ಉಳಿದಿದ್ದರೆ ಹಣ ಕೊಡುವ ಮುನ್ನವೇ ವಕೀಲರಿಗೆ ತಿಳಿಸಿ.

10. ಕೀಲಿ ಕೈಗೆ ಬಂದ ಮೇಲೆ

ಮೊದಲ ದಿನವೇ ನೀರು, ಗ್ಯಾಸ್, ವಿದ್ಯುತ್ತಿನ ಮುಖ್ಯ ಬಂದ್ ಎಲ್ಲಿದೆ ಎಂದು ಮನೆಯವರೆಲ್ಲರಿಗೂ ತೋರಿಸಿ, ಬೀಗ ಬದಲಿಸಿ. ಪ್ರಾಣಾಪಾಯದ ದೋಷಗಳು ಸಾಮಾನು ತರುವ ಮುನ್ನ ಮುಗಿಯಲಿ. ಆಮೇಲಿನ ಕ್ರಮ ಹೊರಗಿನಿಂದ ಒಳಕ್ಕೆ: ಮಾಡು, ಮಳೆನೀರಿನ ದೋಣಿ, ಚರಂಡಿ ಮತ್ತು ನೆಲದ ಇಳಿಜಾರು, ಅನಂತರ ಕಟ್ಟಡದ ಬಲ, ಬಳಿಕ ಕೊಳವೆ, ವೈರಿಂಗ್, ಕೊನೆಗೆ ಗಿಲಾವು, ಬಣ್ಣ. ಒದ್ದೆಯಾಗಿದ್ದ ಗೋಡೆ ನೀರಿನ ಮೂಲ ನಿಂತ ಮೇಲೂ ನಿಧಾನವಾಗಿ ಒಣಗುತ್ತದೆ. 25 ಮಿ.ಮೀ. ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಬಳಕೆಯಲ್ಲಿರುವ ಅಂದಾಜು. ಅವಸರಕ್ಕೆ ಬಣ್ಣ ಬಳಿದರೆ ಗುಳ್ಳೆ ಏಳುತ್ತದೆ.

ಇಂಜಿನಿಯರ್ ‘ಗಮನಿಸುತ್ತಿರಿ’ ಎಂದ ಬಿರುಕುಗಳ ಎರಡು ತುದಿಗೂ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತಿಂಗಳಿಗೊಮ್ಮೆ ಚಿತ್ರ ತೆಗೆಯಿರಿ. ಒಂದು ಮಳೆಗಾಲವೂ ಒಂದು ಬೇಸಿಗೆಯೂ ಕಳೆಯುವವರೆಗೆ ಇದನ್ನು ಬಿಡಬೇಡಿ. ವರದಿ, ಕೊಟೇಶನ್, ರಸೀದಿ, ವಾರಂಟಿ ಎಲ್ಲ ಒಂದೇ ಕಡತದಲ್ಲಿರಲಿ. ಪ್ರತಿ ವಾರಂಟಿ ಮುಗಿಯುವ ಒಂದು ತಿಂಗಳು ಮುಂಚೆ ಆ ಭಾಗವನ್ನು ಮತ್ತೊಮ್ಮೆ ಪರೀಕ್ಷಿಸಿ, ದೋಷ ಕಂಡರೆ ಅವಧಿಯೊಳಗೇ ಬರಹದಲ್ಲಿ ದೂರು ಕೊಡಿ.